ಯುರೋಪಿನ ಆಕಾಶದಲ್ಲಿ ಗಂಡಭೇರುಂಡ

1941ರ ಜೂನ್ 16ರಂದು ಇಂಗ್ಲೆಂಡಿನ ಯಾರ್ಕ್‌ಶೈರ್ ಸೀಮೆಯ ಲೆಕನ್‌ಫೀಲ್ಡ್ ವಿಮಾನನೆಲೆಯಲ್ಲಿ ಬ್ರಿಟಿಷ್ ವಾಯುಪಡೆಯ ಹೊಸದೊಂದು ಸ್ಕ್ವಾಡ್ರನ್ ಕಣ್ಣು ತೆರೆಯಿತು. ಅದರ ಸಂಖ್ಯೆ 129, ಹೆಸರು ಮೈಸೂರು. ಯುದ್ಧನಿಧಿಗೆ ಮೈಸೂರು ಸಂಸ್ಥಾನ ಕೊಟ್ಟ ಹಣದ ನೆನಪಿಗಾಗಿ ಈ ಹೆಸರು ಬಂತು. ಒಂದು ಸ್ಪಿಟ್‌ಫೈರ್ ವಿಮಾನಕ್ಕೆ 5,000 ಪೌಂಡ್ ಎಂದು ಗೊತ್ತುಮಾಡಿ ಸಾಮ್ರಾಜ್ಯದ ಮೂಲೆಮೂಲೆಯಿಂದ ದೇಣಿಗೆ ಎತ್ತುತ್ತಿದ್ದ ಕಾಲ ಅದು. ನಾಲ್ವಡಿ ಕೃಷ್ಣರಾಜ ಒಡೆಯರು ತೀರಿಕೊಂಡು ಜಯಚಾಮರಾಜ ಒಡೆಯರು ಪಟ್ಟಕ್ಕೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಸ್ಕ್ವಾಡ್ರನ್ನಿನ ಲಾಂಛನದಲ್ಲಿ ಮೈಸೂರಿನ ಗಂಡಭೇರುಂಡ ರೆಕ್ಕೆ ಬಿಚ್ಚಿ ನಿಂತಿತು. ನ್ಯಾಯವನ್ನು ನಾನು ಕಾಯುತ್ತೇನೆ ಎಂಬುದು ಅದರ ಘೋಷವಾಕ್ಯವಾಯಿತು.

ಈ ಹಕ್ಕಿ ಮೈಸೂರಿಗೆ ಬಂದದ್ದು ತಡವಾಗಿ. ಅದರ ಹಳೆಯ ನೆಲೆ ನಮ್ಮ ಸೋಂದೆಯನ್ನೂ ಒಳಗೊಂಡ ಬನವಾಸಿ ನಾಡು. ಸೋಂದೆಯಿಂದ ಶಿರಸಿಗೆ ಬಂದು, ಬನವಾಸಿ ದಾಟಿ ಶಿರಾಳಕೊಪ್ಪದ ಕಡೆ ಹೋದರೆ ಬಳ್ಳಿಗಾವಿ ಸಿಗುತ್ತದೆ. ಬನವಾಸಿ ಹನ್ನೆರಡು ಸಾವಿರವನ್ನು ಆಳುತ್ತಿದ್ದ ಚಾಮುಂಡರಾಯರಸ 1047ರಲ್ಲಿ ಅಲ್ಲಿ ಭೇರುಂಡನ ಎತ್ತರದ ಕಂಬ ನಿಲ್ಲಿಸಿದ. ಸಿದ್ದಾಪುರದಿಂದ ಸಾಗರದ ದಾರಿ ಹಿಡಿದು ಹೋದರೆ ಕೆಳದಿಯ ರಾಮೇಶ್ವರ ದೇವಾಲಯದ ಒಳಮಾಡಿನಲ್ಲೂ ಗಂಡಭೇರುಂಡ ಇದೆ. ಸೋಂದೆಯ ಸೀಮೆ 1941ರಲ್ಲಿ ಮೈಸೂರಿಗೆ ಸೇರಿರಲಿಲ್ಲ, ಬೊಂಬಾಯಿ ಪ್ರಾಂತದ ಕೆನರಾ ಜಿಲ್ಲೆಯಲ್ಲಿತ್ತು. ಆದರೂ ಸ್ಪಿಟ್‌ಫೈರ್ ಏರಿದ ಆ ಹಕ್ಕಿ ಎರಡೂ ಕಡೆಯ ಕನ್ನಡಿಗರಿಗೆ ಸೇರಿದ್ದು.

129 ಮೈಸೂರು ಸ್ಕ್ವಾಡ್ರನ್ನಿನ ಐದು ವರ್ಷಗಳ ಚರಿತ್ರೆಗೆ ನಮ್ಮ ಪುಸ್ತಕಗಳಲ್ಲಿ ಹೆಚ್ಚು ಜಾಗ ಸಿಕ್ಕಿಲ್ಲ. ಅದನ್ನು ಗಮನವಿಟ್ಟು ಓದಬೇಕಾದದ್ದು ಹೆಮ್ಮೆಗಾಗಿ ಮಾತ್ರವಲ್ಲ. ಎರಡು ವಾಯುಪಡೆಗಳು ಎದುರುಬದುರಾದಾಗ ಯಾರ ಕೈ ಮೇಲಾಗಿದೆ ಎಂದು ತಿಳಿಯುವುದು ಎಷ್ಟು ಕಷ್ಟ, ಆ ಮೇಲುಗೈ ನಿಜವಾಗಿ ಎಲ್ಲಿ ತಯಾರಾಗುತ್ತದೆ ಎಂಬುದನ್ನು ಈ ಒಂದು ಸ್ಕ್ವಾಡ್ರನ್ನಿನ ಹಾದಿಯಲ್ಲೇ ಹೆಜ್ಜೆ ಹೆಜ್ಜೆಗೂ ಕಾಣಬಹುದು.

ಉರುಳಿದ ವಿಮಾನಗಳ ಲೆಕ್ಕ

ಮೈಸೂರು ಸ್ಕ್ವಾಡ್ರನ್ ಹುಟ್ಟುವ ಹಿಂದಿನ ವರ್ಷ, 1940ರ ಬೇಸಿಗೆಯಲ್ಲಿ, ಜರ್ಮನ್ ವಾಯುಪಡೆ ಲುಫ್ಟ್‌ವಾಫೆ ಇಂಗ್ಲೆಂಡಿನ ಮೇಲೆ ಏರಿ ಬಂದಿತ್ತು. ಸಮುದ್ರ ದಾಟಿ ಸೈನ್ಯ ಇಳಿಸುವ ಮೊದಲು ಬ್ರಿಟನ್ನಿನ ಕಾದಾಟದ ವಿಮಾನಗಳನ್ನು ಇಲ್ಲವಾಗಿಸಬೇಕೆಂಬುದು ಹಿಟ್ಲರನ ಯೋಜನೆ. ಸೆಪ್ಟೆಂಬರ್ 15ರಂದು ಲಂಡನ್ನಿನ ಮೇಲೆ ದೊಡ್ಡ ಕಾಳಗ ನಡೆಯಿತು. ಆ ದಿನ 185 ಜರ್ಮನ್ ವಿಮಾನಗಳನ್ನು ಕೆಡವಿದೆವೆಂದು ಬ್ರಿಟನ್ ಸಾರಿತು. ಯುದ್ಧ ಮುಗಿದ ಮೇಲೆ ಜರ್ಮನ್ ಕಡತಗಳನ್ನು ತೆಗೆದು ನೋಡಿದರೆ ಬಿದ್ದದ್ದು ಸುಮಾರು 60. ತಮ್ಮ ಸ್ವಂತ ನೆಲದ ಮೇಲೆ, ಅವಶೇಷಗಳನ್ನು ಕಣ್ಣಾರೆ ಎಣಿಸಬಹುದಾದ ಕಡೆಯೇ ಲೆಕ್ಕ ಮೂರು ಪಟ್ಟಾಗಿತ್ತು. ಜರ್ಮನ್ನರ ಕಡೆಯೂ ಇದೇ ಸ್ಥಿತಿ. ಬ್ರಿಟನ್ನಿನ ಕಾದಾಟದ ವಿಮಾನಗಳು ಮುಗಿಯುತ್ತ ಬಂದವೆಂದು ಅವರ ಬೇಹುಗಾರಿಕೆ ವಿಭಾಗ ಮತ್ತೆ ಮತ್ತೆ ವರದಿ ಕೊಡುತ್ತಿತ್ತು. ಮರುದಿನ ಅದೇ ಸ್ಪಿಟ್‌ಫೈರ್, ಹರಿಕೇನ್‌ಗಳು ಎದುರಿಗೆ ಬರುತ್ತಿದ್ದವು.

ಇದು ಬರೀ ಪ್ರಚಾರದ ಸುಳ್ಳಲ್ಲ. ಗಂಟೆಗೆ ಐನೂರು ಕಿಲೋಮೀಟರ್ ವೇಗದಲ್ಲಿ, ಎರಡು ಮೂರು ಸೆಕೆಂಡು ಗುಂಡು ಹಾರಿಸಿ ತಿರುಗಬೇಕಾದ ಪೈಲಟ್‌ಗೆ ಎದುರಾಳಿ ನೆಲಕ್ಕೆ ಬೀಳುವುದನ್ನು ನೋಡಲು ಸಮಯವಿರುವುದಿಲ್ಲ. ನೋಡುತ್ತ ಕುಳಿತರೆ ಬೆನ್ನ ಹಿಂದಿನಿಂದ ಗುಂಡು ಬರುತ್ತದೆ. ಒಂದೇ ವಿಮಾನಕ್ಕೆ ಮೂವರು ಗುಂಡಿಟ್ಟರೆ ಮೂವರೂ ಪ್ರಾಮಾಣಿಕವಾಗಿಯೇ ಒಂದೊಂದು ಬರೆಸುತ್ತಾರೆ. ತಪ್ಪಿಸಿಕೊಳ್ಳಲು ಎಂಜಿನ್ನನ್ನು ಪೂರ್ತಿ ಎಳೆದು ಕೆಳಗೆ ಧುಮುಕುವ ಜರ್ಮನ್ನರ ಮೆಸ್ಸರ್‌ಶ್ಮಿಟ್ ವಿಮಾನ ಕಪ್ಪು ಹೊಗೆ ಬಿಡುತ್ತಿತ್ತು. ಅದು ಮೋಡದೊಳಗೆ ಹೊಕ್ಕರೆ ಮೇಲಿನವನ ಕಣ್ಣಿಗೆ ಉರಿದು ಬಿದ್ದಂತೆಯೇ. ಕೆಡವಿದ್ದು, ಬಹುಶಃ ಕೆಡವಿದ್ದು, ಜಖಂ ಮಾಡಿದ್ದು ಎಂದು ಮೂರು ಅಂಕಣ ಮಾಡಿ ಬೇಹುಗಾರಿಕೆ ಅಧಿಕಾರಿ ಒಬ್ಬೊಬ್ಬರನ್ನೂ ಕೇಳಿ ಬರೆದುಕೊಂಡರೂ ಸಂಖ್ಯೆ ಉಬ್ಬುತ್ತಲೇ ಹೋಯಿತು.

ಹಾಗಿದ್ದರೂ ಸೆಪ್ಟೆಂಬರ್ 15ರಂದು ಗೆದ್ದವರು ಯಾರು ಎಂಬುದರಲ್ಲಿ ಸಂಶಯವಿರಲಿಲ್ಲ. ಎರಡೇ ದಿನದ ಮೇಲೆ, 17ರಂದು, ಹಿಟ್ಲರ್ ಇಂಗ್ಲೆಂಡಿಗೆ ಸೈನ್ಯ ಇಳಿಸುವ ಯೋಜನೆಯನ್ನು ಅನಿರ್ದಿಷ್ಟ ಕಾಲ ಮುಂದೂಡಿದ. ಅಳತೆಗೋಲು ಇದೇ. ಅಡಿಕೆ ತೋಟಕ್ಕೆ ಮಂಗನ ಹಿಂಡು ಇಳಿದ ವರ್ಷ ಎಷ್ಟು ಮಂಗ ಓಡಿಸಿದೆವು ಎಂದು ಯಾರೂ ಬರೆದಿಡುವುದಿಲ್ಲ, ಅಂಗಳಕ್ಕೆ ಎಷ್ಟು ಕೊನೆ ಬಂತು ಎಂದು ನೋಡುತ್ತಾರೆ. ಆಕಾಶದ ಮೇಲುಗೈಯ ಅರ್ಥವೂ ಅಷ್ಟೇ: ನಮ್ಮ ಹಡಗು, ನಮ್ಮ ಸೈನ್ಯ, ನಮ್ಮ ಬಾಂಬರ್‌ಗಳ ಕೆಲಸ ನಡೆಯಬೇಕು, ಎದುರಾಳಿಯ ಕೆಲಸ ನಿಲ್ಲಬೇಕು.

ಇಂಗ್ಲಿಷ್ ಕಾಲುವೆಯ ಆಚೆ

1941ರಲ್ಲಿ ಬ್ರಿಟನ್ ದಾಳಿಯ ಕಡೆಗೆ ತಿರುಗಿತು. ಜೂನ್ 22ರಂದು ಜರ್ಮನಿ ರಷ್ಯಾದ ಮೇಲೆ ಬಿದ್ದ ಮೇಲಂತೂ, ಫ್ರಾನ್ಸಿನ ಮೇಲೆ ಒತ್ತಡ ಹಾಕಿ ಜರ್ಮನ್ ವಿಮಾನಗಳನ್ನು ಪಶ್ಚಿಮದಲ್ಲೇ ಕಟ್ಟಿಹಾಕಬೇಕೆಂಬ ಹಂಬಲ ಬಲವಾಯಿತು. ನಾಲ್ಕಾರು ಬಾಂಬರ್‌ಗಳನ್ನು ಮುಂದಿಟ್ಟು ಸುತ್ತಲೂ ಸ್ಪಿಟ್‌ಫೈರ್‌ಗಳ ದೊಡ್ಡ ಹಿಂಡು ಕಳುಹಿಸುವ ಕಾರ್ಯಾಚರಣೆಗಳಿಗೆ ಸರ್ಕಸ್ ಎಂಬ ಸಂಕೇತನಾಮವಿತ್ತು. ಬಾಂಬರ್ ಬೇಟೆಯ ಆಮಿಷ, ಜರ್ಮನ್ನರು ಮೇಲೇರಿ ಬರಲಿ ಎಂಬುದೇ ಉದ್ದೇಶ. ಆಗಸ್ಟ್ ಕೊನೆಯಲ್ಲಿ ಮೈಸೂರು ಸ್ಕ್ವಾಡ್ರನ್ ಸಸೆಕ್ಸಿನ ವೆಸ್ಟ್‌ಹ್ಯಾಂಪ್‌ನೆಟ್‌ಗೆ ಬಂದು ಈ ಕೆಲಸಕ್ಕೆ ಸೇರಿತು. ವಿಮಾನದ ಪಕ್ಕೆಯ ಮೇಲೆ ಡಿವಿ ಎಂಬ ಗುರುತಿನ ಅಕ್ಷರಗಳು. ಹಾರಿಸುವವರಲ್ಲಿ ಬ್ರಿಟನ್ನಿನವರ ಜೊತೆ ಕೆನಡಾದಿಂದ ಬಂದ ಹುಡುಗರೂ ಇದ್ದರು.

ಇಲ್ಲಿ ಎಲ್ಲವೂ ಹಿಂದಿನ ವರ್ಷಕ್ಕೆ ತಿರುವುಮುರುವಾಯಿತು. ಇಂಗ್ಲೆಂಡಿನ ಮೇಲೆ ಧುಮುಕುಕೊಡೆ ಬಿಚ್ಚಿದ ಬ್ರಿಟಿಷ್ ಪೈಲಟ್ ಸಂಜೆಗೆ ತನ್ನ ಸ್ಕ್ವಾಡ್ರನ್ನಿಗೆ ಮರಳುತ್ತಿದ್ದ. ಫ್ರಾನ್ಸಿನ ಮೇಲೆ ಬಿಚ್ಚಿದರೆ ಸೀದಾ ಸೆರೆಗೆ. ಜರ್ಮನ್ನರಿಗೆ ರಾಡಾರಿನ ಮುನ್ಸೂಚನೆ ಸಿಗುತ್ತಿತ್ತು. ಬೇಕಾದರೆ ಎತ್ತರಕ್ಕೆ ಏರಿ ಸೂರ್ಯನ ಬೆನ್ನಿನಿಂದ ಎರಗಬಹುದಿತ್ತು, ಬೇಡವಾದರೆ ನೆಲದಲ್ಲೇ ಕುಳಿತಿರಬಹುದಿತ್ತು. ಕಾಲುವೆ ದಾಟಿ ಬಂದ ಸ್ಪಿಟ್‌ಫೈರ್‌ಗೆ ಕಾದಾಡಲು ಇದ್ದ ಇಂಧನ ಕೆಲವೇ ನಿಮಿಷಗಳದ್ದು.

ಜೂನ್ ಮಧ್ಯದಿಂದ ವರ್ಷದ ಕೊನೆಯ ತನಕ ಸುಮಾರು 700 ಜರ್ಮನ್ ವಿಮಾನ ಕೆಡವಿದೆವೆಂದು ಬ್ರಿಟಿಷ್ ಫೈಟರ್ ಕಮಾಂಡ್ ಲೆಕ್ಕ ಬರೆಯಿತು. ನಿಜವಾಗಿ ಜರ್ಮನ್ನರು ಕಾದಾಟದಲ್ಲಿ ಕಳೆದುಕೊಂಡದ್ದು ನೂರು ಚಿಲ್ಲರೆ. ಅಪಘಾತಗಳನ್ನೂ ಸೇರಿಸಿದರೆ ಇನ್ನೂರು ದಾಟಿತು. ಬ್ರಿಟನ್ ಕಳೆದುಕೊಂಡ ಪೈಲಟ್‌ಗಳೇ ಸುಮಾರು 400. ಗೆಲ್ಲುತ್ತಿದ್ದೇವೆ ಎಂದುಕೊಂಡ ಆರು ತಿಂಗಳು ನಷ್ಟದ ಆರು ತಿಂಗಳಾಗಿದ್ದವು. ಲೆಕ್ಕವನ್ನು ನಂಬಿದ್ದರಿಂದಲೇ ಆ ದಾಳಿಗಳು ಅಷ್ಟು ಕಾಲ ನಡೆದವು.

ಅದರ ಬೆಲೆಯನ್ನು ತೆತ್ತದ್ದು ಏಷ್ಯಾ. ಕಾದಾಟದ ವಿಮಾನಗಳ ದೊಡ್ಡ ಪಾಲು ಇಂಗ್ಲೆಂಡಿನಲ್ಲಿ ಉಳಿದಿದ್ದಾಗ ಮಲಯಾದ ರಕ್ಷಣೆಗೆ ಒಂದು ಸ್ಪಿಟ್‌ಫೈರ್ ಕೂಡ ಇರಲಿಲ್ಲ. 1942ರ ಫೆಬ್ರವರಿ 15ರಂದು ಸಿಂಗಾಪುರ ಬಿತ್ತು. ಏಪ್ರಿಲ್ 5ರಂದು ಜಪಾನಿ ವಿಮಾನಗಳು ಕೊಲಂಬೊ ಮೇಲೆ, 6ರಂದು ವಿಶಾಖಪಟ್ಟಣ, ಕಾಕಿನಾಡದ ಮೇಲೆ ಬಾಂಬು ಹಾಕಿದವು. ಮೈಸೂರಿನ ಹೆಸರು ಹೊತ್ತ ಸ್ಪಿಟ್‌ಫೈರ್‌ಗಳು ಫ್ರಾನ್ಸಿನ ಕರಾವಳಿಯ ಮೇಲೆ ಹಾರುತ್ತಿದ್ದ ಆ ದಿನಗಳಲ್ಲಿ ಭಾರತದ ಆಕಾಶ ಕಾಯಲು ಒಂದು ಸ್ಪಿಟ್‌ಫೈರ್ ಸ್ಕ್ವಾಡ್ರನ್ನೂ ಇರಲಿಲ್ಲ. ಅವು ಬಂಗಾಳಕ್ಕೆ ಬಂದದ್ದು 1943ರ ಕೊನೆಗೆ. ಕೊಟ್ಟವರ ಮನೆಯ ಮಾಡು ಬರಿದಾಗಿಯೇ ಉಳಿದಿತ್ತು ಎಂಬುದನ್ನು ನಾವು ಮರೆಯಬಾರದು.

ದಿಯೆಪ್, 1942ರ ಆಗಸ್ಟ್

1941ರ ಶರತ್ಕಾಲದಲ್ಲಿ ಜರ್ಮನ್ನರ ಹೊಸ ವಿಮಾನ ಫೋಕೆವುಲ್ಫ್ 190 ಫ್ರಾನ್ಸಿನ ಮೇಲೆ ಕಾಣಿಸಿಕೊಂಡಿತು. ವೇಗದಲ್ಲೂ ಏರಿಕೆಯಲ್ಲೂ ಉರುಳಿ ತಿರುಗುವುದರಲ್ಲೂ ಅದು ಮೈಸೂರು ಸ್ಕ್ವಾಡ್ರನ್ ಹಾರಿಸುತ್ತಿದ್ದ ಸ್ಪಿಟ್‌ಫೈರ್ ಐದನೆಯ ಮಾದರಿಗಿಂತ ಮೇಲು. ಎಷ್ಟು ಮೇಲು ಎಂದು ನಿಖರವಾಗಿ ತಿಳಿಯುವ ಅವಕಾಶ 1942ರ ಜೂನ್ 23ರಂದು ಒದಗಿತು. ಆರ್ಮಿನ್ ಫಾಬರ್ ಎಂಬ ಜರ್ಮನ್ ಪೈಲಟ್ ದಿಕ್ಕು ತಪ್ಪಿ, ಫ್ರಾನ್ಸೆಂದು ತಿಳಿದು ವೇಲ್ಸಿನ ಪೆಂಬ್ರೆ ನೆಲೆಯಲ್ಲಿ ತನ್ನ ವಿಮಾನ ಇಳಿಸಿದ. ಒಂದು ಗೀರೂ ಇಲ್ಲದ ಆ ಯಂತ್ರವನ್ನು ಬ್ರಿಟಿಷರು ಸ್ಪಿಟ್‌ಫೈರ್ ಪಕ್ಕದಲ್ಲಿ ಹಾರಿಸಿ ಪರೀಕ್ಷಿಸಿದರು. ಹೆಚ್ಚುಕಡಿಮೆ ಎಲ್ಲ ಎತ್ತರದಲ್ಲೂ ಅದು ಗಂಟೆಗೆ ಮೂವತ್ತರಿಂದ ಐವತ್ತು ಕಿಲೋಮೀಟರ್ ಮುಂದಿತ್ತು. ಅದಕ್ಕೆ ಉತ್ತರವಾದ ಒಂಬತ್ತನೆಯ ಮಾದರಿಯ ಸ್ಪಿಟ್‌ಫೈರ್ ಆಗಷ್ಟೇ ಕಾರ್ಖಾನೆಯಿಂದ ಹೊರಬೀಳುತ್ತಿತ್ತು.

ಆಗಸ್ಟ್ 19ರಂದು ಫ್ರಾನ್ಸಿನ ದಿಯೆಪ್ ಬಂದರಿನ ಮೇಲೆ ಸುಮಾರು 6,000 ಸೈನಿಕರು ಇಳಿದರು, ಬಹುಪಾಲು ಕೆನಡಾದವರು. ಬಂದರಿನ ಪಶ್ಚಿಮಕ್ಕಿದ್ದ ಜರ್ಮನ್ ಫಿರಂಗಿ ನೆಲೆಯನ್ನು ಕಮಾಂಡೊ ಪಡೆ ಹಿಡಿಯುವಾಗ ಮೈಸೂರು ಸ್ಕ್ವಾಡ್ರನ್ನಿನ ವಿಮಾನಗಳು ಮೇಲಿನಿಂದ ಗುಂಡು ಸುರಿಸಿದವು. ಆ ಒಂದು ನೆಲೆ ಬಿತ್ತು. ಉಳಿದೆಡೆ ಸಮುದ್ರದಂಡೆಯಲ್ಲೇ ಸೈನ್ಯ ನುಚ್ಚುನೂರಾಯಿತು. ಬ್ರಿಟಿಷ್ ವಾಯುಪಡೆ ಒಂದೇ ದಿನ ಎರಡೂವರೆ ಸಾವಿರಕ್ಕೂ ಹೆಚ್ಚು ಹಾರಾಟ ನಡೆಸಿ ಸುಮಾರು 100 ವಿಮಾನ ಕಳೆದುಕೊಂಡಿತು. ಜರ್ಮನ್ನರು ಕಳೆದುಕೊಂಡದ್ದು 48. ಎರಡು ಪಟ್ಟು ನಷ್ಟವಾದರೂ ಒಂದು ಮಾತು ನಿಜ: ಕರಾವಳಿಯಲ್ಲಿ ನಿಂತಿದ್ದ ನೂರಾರು ಹಡಗು ದೋಣಿಗಳ ಮೇಲೆ ಎರಗಲು ಬಂದ ಜರ್ಮನ್ ಬಾಂಬರ್‌ಗಳಿಗೆ ದೊಡ್ಡ ಹಾನಿ ಮಾಡಲು ಆಗಲಿಲ್ಲ. ಎಣಿಕೆ ಸೋಲನ್ನು ಹೇಳಿತು, ಹಡಗುಗಳು ಬೇರೆಯದನ್ನು ಹೇಳಿದವು. ನೆಲದ ಮೇಲೆ ಸತ್ತ 900ಕ್ಕೂ ಹೆಚ್ಚು ಕೆನಡಾ ಸೈನಿಕರನ್ನು ಮಾತ್ರ ಯಾವ ಹಾರಾಟವೂ ಉಳಿಸಲಿಲ್ಲ.

ಆ ಬೆಳಗ್ಗೆ ನಮ್ಮ ಕಡೆ ಬೇರೆಯೇ ಯುದ್ಧ ನಡೆದಿತ್ತು. ಆಗಸ್ಟ್ 8ರಂದು ಬೊಂಬಾಯಿಯಲ್ಲಿ ಕ್ವಿಟ್ ಇಂಡಿಯಾ ನಿರ್ಣಯವಾಗಿ ಹನ್ನೊಂದು ದಿನ ಕಳೆದಿತ್ತು. ಹತ್ತು ವರ್ಷ ಹಿಂದೆ ಕರನಿರಾಕರಣೆಯಲ್ಲಿ ಜಮೀನು ಕಳೆದುಕೊಂಡಿದ್ದ ಶಿರಸಿ, ಸಿದ್ದಾಪುರದ ಮನೆಗಳವರು ಮತ್ತೆ ಬೀದಿಗಿಳಿದಿದ್ದರು. ಮುಂದಿನ ತಿಂಗಳು ಮೈಸೂರು ಸಂಸ್ಥಾನದ ಈಸೂರಿನಲ್ಲಿ ಬೆಂಕಿ ಹೊತ್ತಿತು. ಭೇರುಂಡನ ಕಂಬವಿರುವ ಬಳ್ಳಿಗಾವಿಯ ಶಿಕಾರಿಪುರ ತಾಲೂಕಿನದೇ ಊರು ಅದು. 1943ರ ಮಾರ್ಚಿನಲ್ಲಿ ಈಸೂರಿನ ಐವರು ಗಲ್ಲಿಗೇರಿದರು. ಯುರೋಪಿನ ಸ್ವಾತಂತ್ರ್ಯಕ್ಕೆ ಗಂಡಭೇರುಂಡದ ಗುರುತಿನಡಿ ಹಾರಿದವರದ್ದೂ ತ್ಯಾಗ, ಅದೇ ಗುರುತಿನ ಸರ್ಕಾರದ ಕೈಯಲ್ಲಿ ಜೀವ ತೆತ್ತವರದ್ದೂ ತ್ಯಾಗ. ಎರಡನ್ನೂ ಒಟ್ಟಿಗೆ ನೆನೆಯದಿದ್ದರೆ 1942ರ ಕನ್ನಡನಾಡಿನ ಚರಿತ್ರೆ ಪೂರ್ತಿಯಾಗುವುದಿಲ್ಲ.

ಮೇಲುಗೈ ಬದಲಾದದ್ದು ಹೇಗೆ

ದಿಯೆಪ್ ಆದ ಮೇಲೆ ಸ್ಕ್ವಾಡ್ರನ್ ಸ್ಕಾಟ್ಲೆಂಡಿನಾಚೆಯ ಆರ್ಕ್ನಿ ದ್ವೀಪಗಳಿಗೆ ಹೋಯಿತು, 1943ರಲ್ಲಿ ಮತ್ತೆ ದಕ್ಷಿಣಕ್ಕೆ ಬಂತು. ಹಾರ್ನ್‌ಚರ್ಚ್ ನೆಲೆಯಲ್ಲಿ ಒಂಬತ್ತನೆಯ ಮಾದರಿಯ ಸ್ಪಿಟ್‌ಫೈರ್ ಕೈಗೆ ಸಿಕ್ಕಿತು. ಯಂತ್ರದ ಅಂತರ ಮುಚ್ಚಿತು, ದೂರದ ಸಮಸ್ಯೆ ಉಳಿಯಿತು. ಜರ್ಮನಿಯ ಒಳಗಿನ ತನಕ ಬಾಂಬರ್‌ಗಳಿಗೆ ಕಾವಲು ಹೋಗಿ ಬರುವಷ್ಟು ಇಂಧನ ಸ್ಪಿಟ್‌ಫೈರ್‌ಗೆ ಹಿಡಿಸುತ್ತಿರಲಿಲ್ಲ. 1943ರ ಅಕ್ಟೋಬರ್ 14ರಂದು ಶ್ವೈನ್‌ಫುರ್ಟ್‌ನ ಬೇರಿಂಗ್ ಕಾರ್ಖಾನೆಗಳ ಮೇಲೆ, ಗುರಿಯ ತನಕ ಕಾವಲಿಲ್ಲದೆ ಹೋದ 291 ಅಮೆರಿಕನ್ ಬಾಂಬರ್‌ಗಳಲ್ಲಿ 60 ಮರಳಲಿಲ್ಲ. ಆ ಶರತ್ಕಾಲದಲ್ಲಿ ಜರ್ಮನಿಯ ಆಕಾಶ ಜರ್ಮನ್ನರದ್ದೇ ಆಗಿತ್ತು.

ಅದನ್ನು ಬದಲಿಸಿದ್ದು ಮುಸ್ಟಾಂಗ್. ಅಮೆರಿಕನ್ ಒಡಲು, ಬ್ರಿಟಿಷ್ ಮರ್ಲಿನ್ ಎಂಜಿನ್, ರೆಕ್ಕೆಯಡಿ ಕಳಚಿ ಬೀಳಿಸುವ ಇಂಧನದ ಡಬ್ಬಿಗಳು. 1944ರ ಮಾರ್ಚ್ ಹೊತ್ತಿಗೆ ಅದು ಬರ್ಲಿನ್ನಿನ ತನಕ ಬಾಂಬರ್ ಜೊತೆ ಹೋಗಿ ಬರುತ್ತಿತ್ತು. ಅಮೆರಿಕನ್ ಸೇನಾನಿ ಡೂಲಿಟಲ್ ಕಾವಲು ವಿಮಾನಗಳನ್ನು ಬಾಂಬರ್ ಪಕ್ಕದಿಂದ ಬಿಡಿಸಿ ಎದುರಾಳಿ ಇರುವಲ್ಲಿಗೇ ಅಟ್ಟಿದ. ಫೆಬ್ರವರಿ 20ರಿಂದ ಒಂದು ವಾರ ವಿಮಾನ ಕಾರ್ಖಾನೆಗಳ ಮೇಲೆ ಎಡೆಬಿಡದೆ ದಾಳಿ ನಡೆಯಿತು. ಕಾರ್ಖಾನೆಗಳನ್ನು ಉಳಿಸಿಕೊಳ್ಳಲು ಲುಫ್ಟ್‌ವಾಫೆ ಮೇಲೇಳಲೇಬೇಕಾಯಿತು. 1941ರಲ್ಲಿ ನೆಲದಲ್ಲೇ ಕುಳಿತಿರಲು ಇದ್ದ ಸ್ವಾತಂತ್ರ್ಯ ಈಗ ಅದಕ್ಕಿರಲಿಲ್ಲ.

ವಿಚಿತ್ರವೆಂದರೆ 1944ರಲ್ಲಿ ಜರ್ಮನಿ ಹಿಂದಿನ ಯಾವ ವರ್ಷಕ್ಕಿಂತಲೂ ಹೆಚ್ಚು ಕಾದಾಟದ ವಿಮಾನ ತಯಾರಿಸಿತು. ವಿಮಾನವನ್ನೇ ಎಣಿಸುವವನಿಗೆ ಜರ್ಮನಿ ಬೆಳೆಯುತ್ತಿದೆ ಎಂದೇ ಕಾಣಬೇಕು. ಕೊರತೆ ಬಿದ್ದದ್ದು ಹಾರಿಸುವವರಿಗೆ. ಆ ವರ್ಷದ ಮೊದಲ ಐದು ತಿಂಗಳಲ್ಲೇ ಎರಡು ಸಾವಿರಕ್ಕೂ ಹೆಚ್ಚು ಜರ್ಮನ್ ಪೈಲಟ್‌ಗಳು ಸತ್ತರು. ಅವರ ಜಾಗಕ್ಕೆ ಬಂದ ಹುಡುಗರಿಗೆ ಸಿಕ್ಕ ತರಬೇತಿಯ ಹಾರಾಟ ಬ್ರಿಟಿಷ್, ಅಮೆರಿಕನ್ ಹುಡುಗರಿಗೆ ಸಿಕ್ಕಿದ್ದರ ಅರ್ಧಕ್ಕೂ ಕಡಿಮೆ. ಕಲಿಸುವವರನ್ನೂ ಕಲಿಯುವ ಪೆಟ್ರೋಲನ್ನೂ ಲುಫ್ಟ್‌ವಾಫೆ ವರ್ಷಗಳ ಕಾಲ ಮುಂಚೂಣಿಗೆ ಎಳೆದುಕೊಂಡಿತ್ತು. ಮೇ 12ರಿಂದ ಕಲ್ಲಿದ್ದಲಿನಿಂದ ಎಣ್ಣೆ ತೆಗೆಯುವ ಕಾರ್ಖಾನೆಗಳ ಮೇಲೆ ಬಾಂಬು ಬೀಳತೊಡಗಿತು. ಏಪ್ರಿಲಿನಲ್ಲಿ ಸುಮಾರು 1,75,000 ಟನ್ ಇದ್ದ ವಿಮಾನ ಇಂಧನದ ಉತ್ಪಾದನೆ ಸೆಪ್ಟೆಂಬರಿನಲ್ಲಿ 10,000 ಟನ್ನಿಗೂ ಕೆಳಗಿಳಿಯಿತು. ಹೊಸ ವಿಮಾನಗಳು ಸಾಲಾಗಿ ನಿಂತಿದ್ದವು, ಹಾರಲು ಎಣ್ಣೆಯಿಲ್ಲ, ಹಾರಿಸಲು ಕಲಿತ ಕೈಯಿಲ್ಲ.

ಮೈಸೂರು ಸ್ಕ್ವಾಡ್ರನ್ನಿಗೂ ಏಪ್ರಿಲಿನಲ್ಲಿ ಮುಸ್ಟಾಂಗ್ ಬಂತು. ಸಸೆಕ್ಸಿನ ಕೂಲ್ಹಮ್ ನೆಲೆಯಲ್ಲಿ ಎರಡು ಪೋಲಿಷ್ ಸ್ಕ್ವಾಡ್ರನ್‌ಗಳ ಜೊತೆ ಅದು ಫ್ರಾನ್ಸಿನ ನಾರ್ಮಂಡಿಯಲ್ಲಿ ಸೈನ್ಯ ಇಳಿಸುವ ದಾಳಿಗೆ ಸಿದ್ಧವಾಯಿತು. ಜೂನ್ 6ರಂದು ಮಿತ್ರಪಡೆಗಳು ಸುಮಾರು 14,000 ಹಾರಾಟ ನಡೆಸಿದವು, ಲುಫ್ಟ್‌ವಾಫೆ ಮುನ್ನೂರರ ಆಸುಪಾಸು. ಆ ದಿನ ಆಕಾಶದಲ್ಲಿ ಉರುಳಿಸಲು ಜರ್ಮನ್ ವಿಮಾನಗಳೇ ವಿರಳ. ಕೆಡವಿದ ಲೆಕ್ಕ ಇಲ್ಲವೆನ್ನುವಷ್ಟು ಕಡಿಮೆಯಿದ್ದ ದಿನವೇ ಯುರೋಪಿನ ಯುದ್ಧದ ಅತ್ಯಂತ ಪೂರ್ಣವಾದ ಮೇಲುಗೈ ಸಿದ್ಧಿಸಿತ್ತು. ಲಕ್ಷಕ್ಕೂ ಮಿಕ್ಕಿ ಸೈನಿಕರು ಇಳಿದರು, ಹಡಗುಗಳು ನಿಂತಲ್ಲೇ ನಿಂತು ಸಾಮಾನು ಇಳಿಸಿದವು.

ಒಂದು ವಾರದೊಳಗೆ, ಜೂನ್ 13ರಂದು, ಪೈಲಟ್ಟಿಲ್ಲದ ವಿ-1 ಹಾರುಬಾಂಬು ಲಂಡನ್ನಿನ ಮೇಲೆ ಬಿತ್ತು. ಮನುಷ್ಯರು ಹಾರಿಸುವ ಬಾಂಬರ್‌ಗಳನ್ನು ಅಲ್ಲಿಗೆ ಕಳುಹಿಸಲು ಜರ್ಮನಿಗೆ ಹೆಚ್ಚೇನೂ ಶಕ್ತಿ ಉಳಿದಿರಲಿಲ್ಲ. ಗಂಟೆಗೆ 600 ಕಿಲೋಮೀಟರ್ ಮೀರಿ ಬರುತ್ತಿದ್ದ ಅವುಗಳನ್ನು ಅಟ್ಟಲು ಜುಲೈಯಲ್ಲಿ ಮೈಸೂರು ಸ್ಕ್ವಾಡ್ರನ್ ಕೆಂಟಿನ ಬ್ರೆನ್ಜೆಟ್‌ಗೆ ಹೋಯಿತು. ಅಲ್ಲಿ ಅದು 66 ಹಾರುಬಾಂಬುಗಳನ್ನು ನಾಶಮಾಡಿತು. ಗಂಡಭೇರುಂಡದ ಹೆಸರಿನಲ್ಲಿ ಉಳಿದ ಜೀವಗಳ ಲೆಕ್ಕಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಕಿಲ್ಲ. ಬಳಿಕ ಬಾಂಬರ್‌ಗಳಿಗೆ ಕಾವಲು, ಯುದ್ಧ ಮುಗಿದ ಮೇಲೆ ಕೆಲವು ತಿಂಗಳು ನಾರ್ವೆ. 1946ರ ಸೆಪ್ಟೆಂಬರ್ 1ರಂದು ಅದಕ್ಕೆ 257ನೆಯ ಸಂಖ್ಯೆ ಕೊಡಲಾಯಿತು. ಮೈಸೂರು ಎಂಬ ಹೆಸರು ಅಲ್ಲಿಗೆ ಕೊನೆಯಾಯಿತು.

ಬೆಂಗಳೂರಿಗೆ ಉಳಿದದ್ದು

ಮೈಸೂರು ಸಂಸ್ಥಾನ ಆ ಯುದ್ಧದಲ್ಲಿ ವಿಮಾನಕ್ಕಾಗಿ ಇನ್ನೊಂದು ಕಡೆಯೂ ಹಣ ಹಾಕಿತ್ತು. 1940ರ ಡಿಸೆಂಬರಿನಲ್ಲಿ ಉದ್ಯಮಿ ವಾಲಚಂದ್ ಹೀರಾಚಂದ್ ಜೊತೆ ಸೇರಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಕಟ್ಟಿತು. 1941ರ ಆಗಸ್ಟಿನಲ್ಲಿ ಅಲ್ಲಿ ಜೋಡಿಸಿದ ಹಾರ್ಲೋ ತರಬೇತಿ ವಿಮಾನ ಮೇಲೇರಿತು. ಜಪಾನಿ ಬಾಂಬು ಪೂರ್ವ ಕರಾವಳಿಗೆ ಬಿದ್ದ 1942ರ ಏಪ್ರಿಲಿನಲ್ಲೇ ಭಾರತ ಸರ್ಕಾರ ಕಾರ್ಖಾನೆಯ ಆಡಳಿತವನ್ನು ಕೈಗೆ ತೆಗೆದುಕೊಂಡಿತು. 1943ರಿಂದ ಅಮೆರಿಕನ್ ವಾಯುಪಡೆ ಅದನ್ನು ದುರಸ್ತಿಯ ದೊಡ್ಡ ನೆಲೆಯಾಗಿ ನಡೆಸಿತು. ಬರ್ಮಾದ ಮೇಲೆ, ಹಿಮಾಲಯ ದಾಟಿ ಚೀನಾದ ಕಡೆಗೆ ಹಾರುತ್ತಿದ್ದ ವಿಮಾನಗಳು ಇಲ್ಲಿ ಬಿಚ್ಚಿ ಕಟ್ಟಿಸಿಕೊಂಡು ಮರಳುತ್ತಿದ್ದವು. ನೀರಿನ ಮೇಲೆ ಇಳಿಯುವ ಕ್ಯಾಟಲೀನಾಗಳು ಬೆಳ್ಳಂದೂರು ಕೆರೆಗೆ ಬರುತ್ತಿದ್ದವು. ಆ ಷೆಡ್ಡುಗಳಲ್ಲಿ ಕನ್ನಡನಾಡಿನ ಸಾವಿರಾರು ಹುಡುಗರು ರಿವೆಟ್ ಹೊಡೆಯಲು, ಎಂಜಿನ್ ಬಿಚ್ಚಲು, ನಕ್ಷೆ ಓದಲು ಕಲಿತರು.

1942ರ ಡಿಸೆಂಬರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಮಾನಶಾಸ್ತ್ರದ ವಿಭಾಗ ಶುರುವಾಯಿತು. ಅದನ್ನು ಕಟ್ಟಿದ ವಿ. ಎಂ. ಘಾಟಗೆ ಜರ್ಮನಿಯ ಗಾಟಿಂಗನ್‌ನಲ್ಲಿ ಲುಡ್ವಿಗ್ ಪ್ರಾಂಟಲ್ ಬಳಿ ಓದಿ ಬಂದವರು. ಸ್ವಾತಂತ್ರ್ಯದ ನಂತರ ಅವರ ನೇತೃತ್ವದಲ್ಲಿ ಬೆಂಗಳೂರಿನ ಕಾರ್ಖಾನೆ ಎಚ್‌ಟಿ-2 ವಿಮಾನ ರೂಪಿಸಿತು. 1951ರ ಆಗಸ್ಟಿನಲ್ಲಿ ಅದು ಮೊದಲ ಸಲ ಹಾರಿತು. ಅದು ಕಾದಾಟದ ವಿಮಾನವಲ್ಲ, ಹಾರಲು ಕಲಿಸುವ ಎರಡು ಆಸನದ ತರಬೇತಿ ವಿಮಾನ. 1963ರಲ್ಲಿ ಬೀದರಿನಲ್ಲಿ ವಾಯುಪಡೆಯ ಪ್ರಾಥಮಿಕ ಹಾರಾಟದ ಶಾಲೆ ತೆರೆದಾಗ ಹುಡುಗರು ಅದರಲ್ಲೇ ಮೊದಲ ಪಾಠ ಕಲಿತರು.

ಲುಫ್ಟ್‌ವಾಫೆ ಸೋತದ್ದು ವಿಮಾನ ಕಡಿಮೆಯಾಗಿ ಅಲ್ಲ. ಕಲಿಸುವ ಶಾಲೆ, ದುರಸ್ತಿಯ ಷೆಡ್ಡು, ಎಣ್ಣೆಯ ಡಿಪೊ ಇವುಗಳನ್ನು ಮುಂಚೂಣಿಯ ಗದ್ದಲದಲ್ಲಿ ಕಡೆಗಣಿಸಿದ್ದಕ್ಕೆ ಸೋತಿತು. ಬ್ರಿಟನ್ 1941ರಲ್ಲಿ ಎಡವಿದ್ದು ಕೆಡವಿದ ವಿಮಾನಗಳ ಲೆಕ್ಕವನ್ನು ಗೆಲುವೆಂದು ನಂಬಿದ್ದಕ್ಕೆ. ಮೈಸೂರು ಕೊಟ್ಟ ದೇಣಿಗೆ ಪರದೇಶದ ಆಕಾಶದಲ್ಲಿ ಗೌರವದಿಂದ ಖರ್ಚಾಯಿತು. ಅದೇ ಸಂಸ್ಥಾನ ಬೆಂಗಳೂರಿನ ಕಾರ್ಖಾನೆಗೆ ಹಾಕಿದ ಹಣ ಸ್ವತಂತ್ರ ಭಾರತದ ವಾಯುಪಡೆಗೆ ಬುನಾದಿಯಾಯಿತು. ಒಂದು ದೇಶ ತನ್ನ ಆಕಾಶವನ್ನು ಕಾಯಬಲ್ಲದೇ ಎಂದು ಅಳೆಯಬೇಕಾದರೆ ಮೊದಲು ನೋಡಬೇಕಾದದ್ದು ಅದರ ಶಾಲೆಯನ್ನೂ ಕಾರ್ಖಾನೆಯನ್ನೂ. 129 ಮೈಸೂರು ಸ್ಕ್ವಾಡ್ರನ್ನಿನ ಚರಿತ್ರೆಯನ್ನು ನಮ್ಮ ಮಕ್ಕಳ ಪಾಠಕ್ಕೆ ಸೇರಿಸುವುದಾದರೆ ಈ ಮಾತಿನ ಜೊತೆಗೇ ಸೇರಿಸಬೇಕು.